15 ಸಾವಿರದಲ್ಲಿ ನಾಲ್ಕು ಜನರ ಸಂಸಾರ: ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ತಿಂಗಳಿಗೆ 15 ಸಾವಿರ ಬರುವ ಮನೆಯಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ನೆಮ್ಮದಿಯಾಗಿ ಇರಬಹುದೇ? ತಿಪಟೂರು, ಅರಸೀಕೆರೆ, ರಾಣೆಬೆನ್ನೂರಿನಂಥ ಊರಿನಲ್ಲಿ ಇರಬಹುದು. ಆದರೆ ತಲೆಯ ಮೇಲೆ ಬಡ್ಡಿ ಸಾಲ ಇರಬಾರದು, ಬಾಡಿಗೆ ಸಂಬಳದ ಕಾಲು ಭಾಗ ದಾಟಬಾರದು, ಮಕ್ಕಳು ದುಬಾರಿ ಶಾಲೆಯಲ್ಲಿರಬಾರದು. ಬೆಂಗಳೂರಿನಲ್ಲಿ ಇದೇ ದುಡ್ಡಿಗೆ ಆಗುವುದಿಲ್ಲ. ಅಲ್ಲಿ 22 ಸಾವಿರ ದುಡಿಯುವವನಿಗಿಂತ ತಿಪಟೂರಿನಲ್ಲಿ 15 ಸಾವಿರ ದುಡಿಯುವವನ ಕೈಯಲ್ಲಿ ತಿಂಗಳ ಕೊನೆಗೆ ಹೆಚ್ಚು ಉಳಿಯುತ್ತದೆ. ಬೆಂಗಳೂರಿನಲ್ಲಿ ಒಂದು ಕೋಣೆ, ಅಡುಗೆಮನೆ ಇರುವ ಮನೆಯ ಬಾಡಿಗೆಯೇ ಆ ವ್ಯತ್ಯಾಸವನ್ನು ನುಂಗಿಬಿಡುತ್ತದೆ.

ನಾನು ಅಂಗಡಿ ಬೀದಿಯಲ್ಲಿ ಪಿಗ್ಮಿ ಕಟ್ಟಿಸಿಕೊಳ್ಳುವ ಕೆಲಸದವನು. ದಿನಾ ಸಂಜೆ ಐವತ್ತು, ನೂರು ರೂಪಾಯಿ ತೆಗೆದಿಡುವ ಜನರ ಕೈ ನೋಡಿ ನೋಡಿ ಒಂದು ವಿಷಯ ಗೊತ್ತಾಗಿದೆ. ಕಡಿಮೆ ಆದಾಯದ ಮನೆ ದಿನದ ಖರ್ಚಿಗೆ ಮುಳುಗುವುದಿಲ್ಲ. ಅಕ್ಕಿ, ಬೇಳೆ, ಎಣ್ಣೆಯ ಲೆಕ್ಕ ಆ ಮನೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಮುಳುಗುವುದು ಒಂದೇ ಸಲಕ್ಕೆ ಬೇಕಾಗುವ ಇಡಿಗಂಟಿಗೆ. ಜೂನ್‌ನಲ್ಲಿ ಶಾಲೆ, ಆಮೇಲೆ ಗೌರಿ ಗಣೇಶ, ನಾದಿನಿ ಮಗಳ ಮದುವೆ, ಬೈಕಿನ ಟೈರು, ಅಪ್ಪನ ಆಪರೇಷನ್. ಆಗ ಸಾಲ ಮಾಡುತ್ತಾರೆ. ಆ ಸಾಲದ ಬಡ್ಡಿ ಮುಂದಿನ ವರ್ಷವೆಲ್ಲ ದಿನದ ಖರ್ಚನ್ನು ತಿನ್ನುತ್ತದೆ. ಹಾಗಾಗಿ ಕೆಳಗಿನ ಹೆಜ್ಜೆಗಳೆಲ್ಲ ಆ ಇಡಿಗಂಟನ್ನು ತಿಂಗಳ ಲೆಕ್ಕದೊಳಗೆ ತರುವುದಕ್ಕೇ ಇವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಸುಲಭ. 15 ಸಾವಿರದ ಮನೆಯವರು ಮೊದಲೇ ಕಾಲು ಮಡಚಿಕೊಂಡು ಮಲಗಿರುತ್ತಾರೆ.

ಮೊದಲ ಹೆಜ್ಜೆ: ಕೆಟ್ಟ ತಿಂಗಳ ಆದಾಯ ಬರೆದುಕೊಳ್ಳಿ

ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಗಂಡ ಹಾರ್ಡ್‌ವೇರ್ ಅಂಗಡಿಯಲ್ಲಿ 11 ಸಾವಿರಕ್ಕೆ ಕೆಲಸ ಮಾಡುತ್ತಾನೆ. ಹೆಂಡತಿ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ, ಸೀರೆಗೆ ಫಾಲ್, ಜಿಗ್‌ಜಾಗ್ ಹಾಕುತ್ತಾಳೆ. ಮದುವೆಯ ತಿಂಗಳುಗಳಲ್ಲಿ ಅವಳಿಗೆ ಆರೇಳು ಸಾವಿರ ಆಗುತ್ತದೆ. ಆಷಾಢದಲ್ಲಿ ನಾಲ್ಕು ಸಾವಿರಕ್ಕೆ ಇಳಿಯುತ್ತದೆ. ಲೆಕ್ಕದಲ್ಲಿ ಬರೆಯಬೇಕಾದದ್ದು ಆಷಾಢದ ನಾಲ್ಕು ಸಾವಿರ. ಒಟ್ಟು 15 ಸಾವಿರ. ಮೇಲೆ ಬಂದದ್ದನ್ನು ಸಂಬಳ ಎಂದು ಎಣಿಸಬೇಡಿ.

ಗೃಹಲಕ್ಷ್ಮಿಯ 2 ಸಾವಿರವನ್ನೂ ಇದರಲ್ಲಿ ಸೇರಿಸಬೇಡಿ. ಆ ಹಣ ಬರುತ್ತದೆ, ಆದರೆ ತಿಂಗಳಿಗೆ ಸರಿಯಾಗಿ ಬರುವುದಿಲ್ಲ. ಕೆಲವೊಮ್ಮೆ ಎರಡು ಮೂರು ತಿಂಗಳು ತಡೆದು ಒಟ್ಟಿಗೆ ಬೀಳುತ್ತದೆ. ಗೊತ್ತಿಲ್ಲದ ದಿನ ಬರುವ ದುಡ್ಡನ್ನು ಗೊತ್ತಿಲ್ಲದ ದಿನ ಬರುವ ಖರ್ಚಿಗೇ ಮೀಸಲಿಡಬೇಕು. ಅದನ್ನು ನಂಬಿ ಬಾಡಿಗೆಯನ್ನೋ ಚೀಟಿಯ ಕಂತನ್ನೋ ಗೊತ್ತು ಮಾಡಿಕೊಂಡವರು ಹಣ ತಡವಾದ ತಿಂಗಳು ಬಡ್ಡಿಯವರ ಮನೆ ಬಾಗಿಲಿಗೆ ಹೋಗುತ್ತಾರೆ.

ಎರಡನೆಯದು: ಬರಬೇಕಾದದ್ದು ಬರುತ್ತಿದೆಯೇ ನೋಡಿ

ಇಲ್ಲಿ ಒಂದು ಕಹಿ ಸಂಗತಿ ಇದೆ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ. ಅಂದರೆ ತಿಂಗಳಿಗೆ 10 ಸಾವಿರ. ನಮ್ಮ ಉದಾಹರಣೆಯ ಮನೆಗೆ ವರ್ಷಕ್ಕೆ 1.80 ಲಕ್ಷ ಬರುತ್ತದೆ. ಕಾಗದದ ಪ್ರಕಾರ ಅದು ಬಡ ಮನೆಯೇ ಅಲ್ಲ! ಹೀಗಾಗಿ 9,500 ದುಡಿದು ಕಾರ್ಡು ಇರುವ ಮನೆ, 13 ಸಾವಿರ ದುಡಿದು ಕಾರ್ಡು ಇಲ್ಲದ ಮನೆಗಿಂತ ಸುಖವಾಗಿರುವುದುಂಟು. ಅದಕ್ಕೇ ಮುಂದೆ ಬರುವ ಊಟದ ಲೆಕ್ಕವನ್ನು ರೇಷನ್ ಅಕ್ಕಿ ಇಲ್ಲದೆಯೇ ಹಾಕಿದ್ದೇನೆ. ಕಾರ್ಡು ಇದ್ದವರಿಗೆ ಕೇಂದ್ರದ ಪಾಲಿನದೇ ಒಬ್ಬರಿಗೆ 5 ಕೆಜಿ ಧಾನ್ಯ ಉಚಿತ, ರಾಜ್ಯದ ಪಾಲು ಅದರ ಮೇಲೆ. ಅಂತ್ಯೋದಯ ಕಾರ್ಡಿದ್ದರೆ ಮನೆಗೆ 35 ಕೆಜಿ. ಅಂಥವರಿಗೆ ತಿಂಗಳಿಗೆ ಸಾವಿರ ರೂಪಾಯಿ ಉಳಿತಾಯ ಖಂಡಿತ.

ಬಿಪಿಎಲ್ ಇಲ್ಲದಿದ್ದರೆ ಎಲ್ಲವೂ ಹೋಯಿತು ಎಂದುಕೊಳ್ಳಬೇಡಿ. ಎಪಿಎಲ್ ಕಾರ್ಡಿನಲ್ಲಿ ಮನೆಯೊಡತಿಯ ಹೆಸರು ಯಜಮಾನಿ ಎಂದಿದ್ದು, ಗಂಡ ಹೆಂಡತಿ ಇಬ್ಬರೂ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಲ್ಲದಿದ್ದರೆ ಗೃಹಲಕ್ಷ್ಮಿ ಸಿಗುತ್ತದೆ. ಗೃಹಜ್ಯೋತಿಗೆ ಬಾಡಿಗೆದಾರರೂ ಅರ್ಜಿ ಹಾಕಬಹುದು. ಮನೆ ಬದಲಿಸಿದಾಗ ಹಳೆಯ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿ ಹೊಸ ಮೀಟರಿಗೆ ಜೋಡಿಸಬೇಕು. ಎಷ್ಟೋ ಜನ ಇದನ್ನು ಮಾಡದೆ ಸುಮ್ಮನೆ ಬಿಲ್ ಕಟ್ಟುತ್ತಿರುತ್ತಾರೆ. ಇನ್ನೊಂದು ಮಾತು. 200 ಯೂನಿಟ್ ಎನ್ನುವುದು ಗರಿಷ್ಠ ಮಿತಿ. ನಿಮಗೆ ಉಚಿತವಾಗುವುದು ಆ ಮೀಟರಿನ 2022-23ರ ಸರಾಸರಿ ಮತ್ತು ಅದರ ಮೇಲೆ ಸ್ವಲ್ಪ. ಕರೆಂಟು ಪುಕ್ಕಟೆ ಎಂದು ಇಂಡಕ್ಷನ್ ಒಲೆ ತರುವ ಮುಂಚೆ ಬಿಲ್ಲಿನಲ್ಲಿ ಆ ಸಂಖ್ಯೆ ಎಷ್ಟಿದೆ ನೋಡಿಕೊಳ್ಳಿ. 200 ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ.

ಕಟ್ಟಡ ಕೆಲಸ, ಗಾರೆ, ಪೇಂಟಿಂಗ್, ಸೆಂಟ್ರಿಂಗ್ ಮಾಡುವವರು ಮನೆಯಲ್ಲಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಿ. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಮಕ್ಕಳ ಓದಿಗೆ, ಮದುವೆಗೆ, ಹೆರಿಗೆಗೆ, ಅಪಘಾತಕ್ಕೆ ಅಲ್ಲಿಂದ ಸಹಾಯಧನ ಇದೆ. ಅವೆಲ್ಲ ಇಡಿಗಂಟು ಬೇಡುವ ಖರ್ಚುಗಳೇ.

ಮೂರನೆಯದು: ಬಾಡಿಗೆ, ಭೋಗ್ಯ

ಬಾಡಿಗೆ 3,500ರ ಆಚೀಚೆ ಇರಲಿ. ಬಸ್ ಸ್ಟ್ಯಾಂಡಿನಿಂದ ಎರಡು ಕಿಲೋಮೀಟರ್ ಒಳಗೆ ಹೋದರೂ ಪರವಾಗಿಲ್ಲ. ಆದರೆ ಗಂಡಸಿನ ಕೆಲಸದ ಜಾಗಕ್ಕೆ ಸೈಕಲ್ಲಿನಲ್ಲಿ ಹೋಗುವಂತಿರಲಿ. ಹೆಂಗಸರಿಗೆ ಶಕ್ತಿ ಯೋಜನೆ ಇರುವುದರಿಂದ ಬಸ್ ಖರ್ಚಿಲ್ಲ, ಗಂಡಸಿಗೆ ಇದೆ.

ಭೋಗ್ಯದ ವಿಷಯ ಬೇರೆಯೇ ಇದೆ. ಮಾಲೀಕನಿಗೆ ಇಡಿಗಂಟು ಕೊಟ್ಟು ಬಾಡಿಗೆಯಿಲ್ಲದೆ ಇದ್ದು, ಮನೆ ಬಿಡುವಾಗ ಆ ಹಣ ವಾಪಸ್ ಪಡೆಯುವುದೇ ಭೋಗ್ಯ. ಒಬ್ಬರ ಹತ್ತಿರ ಹೊಲ ಮಾರಿದ್ದೋ ಪಿಎಫ್ ಬಂದದ್ದೋ 3 ಲಕ್ಷ ಇದೆ ಎನ್ನಿ. ಅದನ್ನು ಭೋಗ್ಯಕ್ಕೆ ಕೊಟ್ಟು ತಿಂಗಳಿಗೆ 4 ಸಾವಿರ ಬಾಡಿಗೆಯ ಮನೆಯಲ್ಲಿ ಕೂತರೆ ವರ್ಷಕ್ಕೆ 48 ಸಾವಿರ ಉಳಿಯಿತು. ಅಂದರೆ ನೂರಕ್ಕೆ 16. ಯಾವ ಬ್ಯಾಂಕೂ ಇಷ್ಟು ಕೊಡುವುದಿಲ್ಲ. ಅಪಾಯವೂ ಅಷ್ಟೇ ಇದೆ. ಆ ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ, ಮಾಲೀಕ ಕಂತು ತಪ್ಪಿದ ದಿನ ನಿಮ್ಮ 3 ಲಕ್ಷ ಗಾಳಿಗೆ. ಋಣಭಾರ ಪತ್ರ, ಜನ ಇಸಿ ಎನ್ನುತ್ತಾರಲ್ಲ, ಅದನ್ನು ಉಪ ನೋಂದಣಾಧಿಕಾರಿ ಕಚೇರಿಯಿಂದ ತೆಗೆಸಿ ನೋಡಿ. ಕರಾರನ್ನು ನೋಂದಣಿ ಮಾಡಿಸಿ. ನೋಂದಣಿಗೆ ಮಾಲೀಕ ಒಪ್ಪದಿದ್ದರೆ ಬಾಡಿಗೆಯೇ ಮೇಲು. ಸಾಲ ತಂದು ಭೋಗ್ಯಕ್ಕೆ ಹೋಗುವುದು ಮಾತ್ರ ಬೇಡವೇ ಬೇಡ.

ನಾಲ್ಕನೆಯದು: ಅಡುಗೆಮನೆ

ಇಲ್ಲಿ ನಾನು ಹೇಳುವುದಕ್ಕಿಂತ ಕಲಿತದ್ದು ಹೆಚ್ಚು. ಹಳೆ ಮೈಸೂರು ಕಡೆಯ ಬಸ್ಸಾರು ನೋಡಿ. ಒಂದು ಲೋಟ ಹುರುಳಿಯನ್ನೋ ಅಲಸಂದೆಯನ್ನೋ ಬೇಯಿಸಿ, ಜೊತೆಗೆ ಒಂದು ಕಟ್ಟು ದಂಟಿನ ಸೊಪ್ಪು ಹಾಕಿ, ಬೆಂದ ಮೇಲೆ ಆ ನೀರನ್ನು, ಅಂದರೆ ಕಟ್ಟನ್ನು, ಬಸಿದುಕೊಳ್ಳುತ್ತಾರೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಒಲೆ, ಒಂದೇ ಪಾತ್ರೆಯ ಗ್ಯಾಸಿನಲ್ಲಿ ಎರಡು ವ್ಯಂಜನ, ಮುದ್ದೆಗೂ ಆಯಿತು ಅನ್ನಕ್ಕೂ ಆಯಿತು. ತೊಗರಿಬೇಳೆಗಿಂತ ಹುರುಳಿ ಅಗ್ಗ, ನೀರೂ ಪೋಲಾಗಲಿಲ್ಲ. ಸಾರು ಮರುದಿನಕ್ಕೆ ಇನ್ನೂ ರುಚಿ. ಉತ್ತರ ಕರ್ನಾಟಕದಲ್ಲಿ ರೊಟ್ಟಿ, ಜೊತೆಗೆ ಮಡಕೆ ಕಾಳು, ಶೇಂಗಾ ಚಟ್ನಿ ಇದೇ ಕೆಲಸ ಮಾಡುತ್ತವೆ. ಬಡವರ ಊಟ ಎಂದು ಇವನ್ನು ಬಿಟ್ಟು ದಿನಾ ಬರೀ ಅನ್ನ, ತಿಳಿಸಾರು, ಹಪ್ಪಳಕ್ಕೆ ಇಳಿದ ಮನೆಗಳಲ್ಲಿ ಮಕ್ಕಳಿಗೆ ರಕ್ತ ಕಡಿಮೆ.

ನಾಲ್ಕು ಜನಕ್ಕೆ ತಿಂಗಳಿಗೆ ಅಕ್ಕಿ 25 ಕೆಜಿ, ರಾಗಿ 10 ಕೆಜಿ, ಬೇಳೆ ಕಾಳು ಸೇರಿ 4 ಕೆಜಿ, ಎಣ್ಣೆ 4 ಲೀಟರ್, ತರಕಾರಿ ಸೊಪ್ಪಿಗೆ ಸಾವಿರದಿಂದ ಸಾವಿರದ ಇನ್ನೂರು, ಮೇಲೆ ಸಕ್ಕರೆ, ಟೀ ಪುಡಿ, ಮಸಾಲೆ, ಮೊಟ್ಟೆ. ಸುಮಾರು 5 ಸಾವಿರದೊಳಗೆ ಮುಗಿಯುತ್ತದೆ. ದಿನಕ್ಕೆ ಅರ್ಧ ಲೀಟರ್ ನಂದಿನಿ ನೀಲಿ ಪ್ಯಾಕೆಟ್ ಎಂದರೆ ತಿಂಗಳಿಗೆ ಏಳುನೂರರ ಹತ್ತಿರ.

ಉಳಿತಾಯ ಆಗುವ ಜಾಗ ಮೂರೇ. ಎಣ್ಣೆಯನ್ನು ವಾರಕ್ಕೆ ಒಂದು ಲೀಟರ್ ಎಂದು ಬೇರೆ ಬಾಟಲಿಗೆ ಸುರಿದಿಡಿ, ಬಾಟಲಿ ಖಾಲಿಯಾದರೆ ಆ ವಾರ ಬೋಂಡ ಇಲ್ಲ. ತರಕಾರಿಯನ್ನು ಸಂತೆಯ ದಿನ ಸಂಜೆ ಐದೂವರೆಯ ಮೇಲೆ ತನ್ನಿ, ಗಾಡಿ ತುಂಬಿಕೊಂಡು ವಾಪಸ್ ಹೋಗಲು ಇಷ್ಟವಿಲ್ಲದವರು ಗುಡ್ಡೆ ಲೆಕ್ಕದಲ್ಲಿ ಕೊಟ್ಟುಬಿಡುತ್ತಾರೆ. ಸಿಲಿಂಡರ್ ಹಚ್ಚಿದ ದಿನ ಅದರ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆಯಿರಿ. ನಾಲ್ಕು ಜನರ ಮನೆಗೆ ಅದು 45 ದಿನ ಬರಬೇಕು. 35ಕ್ಕೇ ಮುಗಿದರೆ ಬರ್ನರ್ ಕಟ್ಟಿರಬಹುದು, ಪೈಪು ಸೋರುತ್ತಿರಬಹುದು, ಇಲ್ಲವೇ ಸ್ನಾನದ ನೀರು ಗ್ಯಾಸಿನ ಮೇಲೆ ಕಾಯುತ್ತಿದೆ. ಹೆಚ್ಚಿನ ಮನೆಗಳಲ್ಲಿ ಮೂರನೆಯದೇ.

ಅಂಗಡಿಯಲ್ಲಿ ಲೆಕ್ಕ ಬರೆಸಿ ಸಾಮಾನು ತರುವುದನ್ನು ಬಿಡಿ ಎಂದು ಸುಲಭವಾಗಿ ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ. ಕಷ್ಟದ ತಿಂಗಳಲ್ಲಿ ಬಡ್ಡಿಯಿಲ್ಲದೆ ಸಾಲ ಕೊಡುವವನು ಶೆಟ್ಟರೊಬ್ಬರೇ. ಆದರೆ ಒಂದೇ ಅಂಗಡಿ, ಒಂದೇ ಪುಸ್ತಕ, ತಿಂಗಳಿಗೊಮ್ಮೆ ಪೂರ್ತಿ ಚುಕ್ತಾ.

ಐದನೆಯದು: ತಿಂಗಳ ಲೆಕ್ಕ ಮತ್ತು ಇಡಿಗಂಟು

ಬಾಡಿಗೆ 3,500, ದಿನಸಿ ತರಕಾರಿ 5,000, ಹಾಲು 700, ಗ್ಯಾಸು 600, ಫೋನು 500, ಓಡಾಟ 600, ಶಾಲೆಯ ಸಣ್ಣಪುಟ್ಟ 400, ಮಾತ್ರೆ ಔಷಧಿ 300, ಸೋಪು ಪುಡಿ ಇತ್ಯಾದಿ 500. ಒಟ್ಟು 12,100. ಫೋನಿನ ರೀಚಾರ್ಜು 28 ದಿನದ್ದಾದ್ದರಿಂದ ವರ್ಷಕ್ಕೆ 12 ಅಲ್ಲ, 13 ಸಲ ಹಾಕಿಸಬೇಕಾಗುತ್ತದೆ. ಡೇಟಾ ಒಂದೇ ಫೋನಿಗೆ ಸಾಕು.

ಉಳಿದದ್ದು 2,900. ಈಗ ವರ್ಷದ ಇಡಿಗಂಟು ಬರೆಯಿರಿ. ಜೂನ್‌ನ ಶಾಲೆ 6 ಸಾವಿರ. ಯುಗಾದಿ, ಗೌರಿ ಗಣೇಶ, ದೀಪಾವಳಿ ಸೇರಿ 8 ಸಾವಿರ. ಮದುವೆ, ಗೃಹಪ್ರವೇಶಗಳ ಮುಯ್ಯಿ 4 ಸಾವಿರ. ಬೈಕಿನ ಇನ್ಶೂರೆನ್ಸು, ರಿಪೇರಿ 3 ಸಾವಿರ. ಜ್ವರ, ಹಲ್ಲು, ಕನ್ನಡಕ 3 ಸಾವಿರ. ಒಟ್ಟು 24 ಸಾವಿರ, ತಿಂಗಳಿಗೆ 2 ಸಾವಿರ. ಈ 2 ಸಾವಿರವನ್ನು ಬಾಡಿಗೆಯ ಹಾಗೆ ಸಂಬಳ ಬಂದ ದಿನವೇ ಕಟ್ಟಬೇಕು. ಮಿಕ್ಕ 900 ಕೈಖರ್ಚಿಗೆ, ಗಂಡನ ಟೀ, ಮಕ್ಕಳ ಚಕ್ಕುಲಿ, ಕ್ಷೌರ, ಒಂದು ಸಲ ಜಾತ್ರೆ. ಇದನ್ನು ದಯವಿಟ್ಟು ಕತ್ತರಿಸಬೇಡಿ. ಕೈಖರ್ಚಿಲ್ಲದ ಬಜೆಟ್ಟು ಎರಡನೇ ತಿಂಗಳಿಗೆ ಮುರಿದುಬೀಳುತ್ತದೆ.

ಎಲ್ಲಿ ಕಟ್ಟುವುದು? ಸಂಬಳದವರಿಗೆ ಬ್ಯಾಂಕಿನ 12 ತಿಂಗಳ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ, ಒಳ್ಳೆಯದು. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ, ಆದರೆ ಅದು ಐದು ವರ್ಷದ್ದು, ಜೂನ್ ಖರ್ಚಿಗೆ ಒದಗುವುದಿಲ್ಲ. ತರಕಾರಿ ಗಾಡಿ, ಆಟೋ, ಹೂವಿನ ವ್ಯಾಪಾರದಂಥ ದಿನಗೂಲಿ ಆದಾಯಕ್ಕೆ ಪಿಗ್ಮಿಯೇ ಸರಿ. 1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದಿನ ಸಿಂಡಿಕೇಟ್ ಬ್ಯಾಂಕು, ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಲ್ಲೇ ಕಟ್ಟಿಸಿಕೊಳ್ಳಲು ಶುರು ಮಾಡಿದ್ದು ಇಂಥವರಿಗಾಗಿಯೇ. ಬಡ್ಡಿ ಕಡಿಮೆ, ಮಧ್ಯದಲ್ಲಿ ಮುರಿದರೆ ಕಡಿತ ಇದೆ. ಆದರೂ ಸಂಜೆಯ ಹೊತ್ತಿಗೆ ಕೈಯಿಂದ ದುಡ್ಡು ಹೋಗುವುದೇ ಅದರ ಲಾಭ. ನನ್ನದೇ ಕಸುಬಾದರೂ ಒಂದು ಎಚ್ಚರಿಕೆ ಹೇಳಲೇಬೇಕು. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಹೆಚ್ಚು ಬಡ್ಡಿ ಎಂದು ಎಲ್ಲವನ್ನೂ ಅಲ್ಲಿ ಇಡಬೇಡಿ.

ಮುಯ್ಯಿಯ ಪುಸ್ತಕ ಇಟ್ಟಿಲ್ಲದವರು ಇವತ್ತೇ ಇಡಿ. ನಿಮ್ಮ ಮನೆಯ ಕಾರ್ಯಕ್ಕೆ ಯಾರು ಎಷ್ಟು ಹಾಕಿದ್ದರು ಎಂಬುದು ಕಣ್ಣ ಮುಂದಿದ್ದರೆ 201 ಹಾಕಬೇಕಾದ ಕಡೆ ಮುಖ ನೋಡಿ 1,001 ಹಾಕುವುದು ತಪ್ಪುತ್ತದೆ.

ಗೃಹಲಕ್ಷ್ಮಿಯ ಹಣ, ಮದುವೆ ಸೀಸನ್ನಿನ ಹೆಚ್ಚಿನ ಹೊಲಿಗೆ ದುಡ್ಡು ಇವೆರಡೂ ಬೇರೆ ಖಾತೆಗೆ, ಆಪತ್ತಿಗೆ. ಅದು 30 ಸಾವಿರ ಮುಟ್ಟುವ ತನಕ ಹೊಸ ಫ್ರಿಡ್ಜಿನ ಮಾತಿಲ್ಲ.

ಆರನೆಯದು: ಆಸ್ಪತ್ರೆ

ಕೆಲಸ ಮಾಡುವ ಜಾಗದಲ್ಲಿ ಹತ್ತು ಅಥವಾ ಹೆಚ್ಚು ಜನ ಇದ್ದು ಸಂಬಳ 21 ಸಾವಿರದೊಳಗಿದ್ದರೆ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ, ನಿಮ್ಮ ಹಕ್ಕು. ನಿಮ್ಮ ಸಂಬಳದಿಂದ ಹೋಗುವುದು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನಿಂದ ಮೂರೂಕಾಲು. ಹೆಂಡತಿ ಮಕ್ಕಳಿಗೂ ಚಿಕಿತ್ಸೆ, ಕಾಯಿಲೆ ಮಲಗಿದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70. ಹೊಲಿಗೆ ಬಲ್ಲ ಹೆಂಗಸರು ಗಾರ್ಮೆಂಟ್ಸಿಗೆ ಹೋಗಬೇಕೇ, ಮನೆಯಲ್ಲೇ ಹೊಲಿಯಬೇಕೇ ಎಂದು ಕೇಳಿದಾಗ ನಾನು ಸಂಬಳಕ್ಕಿಂತ ಮೊದಲು ಇದನ್ನೇ ತೂಗಿ ನೋಡಿ ಎನ್ನುತ್ತೇನೆ.

ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ನವರಿಗೆ ನಿಗದಿತ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ತೆಗೆದುಕೊಳ್ಳದೆ ನೇರವಾಗಿ ಖಾಸಗಿಗೆ ಹೋದರೆ ಕೈಯಿಂದಲೇ ಕಟ್ಟಬೇಕಾಗುತ್ತದೆ. ಬಿಪಿ, ಶುಗರ್ ಮಾತ್ರೆ ನುಂಗುವ ಅಪ್ಪ ಅಮ್ಮ ಮನೆಯಲ್ಲಿದ್ದರೆ ಡಾಕ್ಟರಿಗೆ ಕಂಪನಿ ಹೆಸರಿನ ಬದಲು ಔಷಧದ ಹೆಸರನ್ನೇ ಬರೆದುಕೊಡಿ ಎಂದು ಕೇಳಿ, ಜನೌಷಧಿ ಕೇಂದ್ರದಲ್ಲಿ ಕೊಳ್ಳಿ.

ದುಡಿಯುವ ಇಬ್ಬರಿಗೂ ಬ್ಯಾಂಕಿನಲ್ಲಿ ಎರಡು ವಿಮೆ ಮಾಡಿಸಿ. ಜೀವನ್ ಜ್ಯೋತಿ ವರ್ಷಕ್ಕೆ 436, ಸುರಕ್ಷಾ ವರ್ಷಕ್ಕೆ 20. ಮೊದಲನೆಯದು ಯಾವುದೇ ಕಾರಣದ ಸಾವಿಗೆ, ಎರಡನೆಯದು ಅಪಘಾತಕ್ಕೆ, ತಲಾ 2 ಲಕ್ಷ. ಮೇ ಕೊನೆಯಲ್ಲಿ ಕಂತು ಕಡಿತವಾಗುವಾಗ ಖಾತೆಯಲ್ಲಿ ದುಡ್ಡಿಲ್ಲದೆ ವಿಮೆ ನಿಂತುಹೋದದ್ದು ಮನೆಯವರಿಗೆ ಗೊತ್ತಾಗುವುದು ಸಾವಿನ ಮನೆಯಲ್ಲಿ.

ಏಳನೆಯದು: ಶಾಲೆ

ಇಬ್ಬರು ಮಕ್ಕಳನ್ನು ತಲಾ 25 ಸಾವಿರದ ಕಾನ್ವೆಂಟಿಗೆ ಹಾಕಿದರೆ ಆದಾಯದ ಕಾಲು ಭಾಗಕ್ಕಿಂತ ಹೆಚ್ಚು ಅಲ್ಲೇ ಹೋಯಿತು, ವ್ಯಾನು ಬೇರೆ. ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು, ಮೊಟ್ಟೆ ಇವೆ. ಈ ಊಟದ ಬೆಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದ ದುಡ್ಡಿನಲ್ಲಿ ಸಂಜೆ ಇಂಗ್ಲಿಷಿಗೆ, ಗಣಿತಕ್ಕೆ ಒಳ್ಳೆಯ ಟ್ಯೂಷನ್ ಕೊಡಿಸಿ. ನಾಲ್ಕನೇ ತರಗತಿಯಿಂದಲೇ ಗುರಿ ಇರಬೇಕಾದದ್ದು ಆರನೇ ತರಗತಿಯ ಪ್ರವೇಶ ಪರೀಕ್ಷೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ ಊಟ, ವಸತಿ, ಓದು ಎಲ್ಲ ಉಚಿತ. ಶೈಕ್ಷಣಿಕವಾಗಿ ಹಿಂದುಳಿದ 74 ತಾಲೂಕುಗಳಲ್ಲಿ ಆದರ್ಶ ವಿದ್ಯಾಲಯಗಳಿವೆ, ಇಂಗ್ಲಿಷ್ ಮಾಧ್ಯಮ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಅರ್ಜಿ ಕರೆಯುವ ಮುಂಚೆಯೇ ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳಿ.

ಎಂಟನೆಯದು: ಸಾಲ

50 ಸಾವಿರಕ್ಕೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ತಿಂಗಳಿಗೆ 1,500. ಹಾಲು, ಗ್ಯಾಸು ಎರಡೂ ಸೇರಿದರೂ ಅಷ್ಟಾಗುವುದಿಲ್ಲ. ಅದೇ 50 ಸಾವಿರ ಬ್ಯಾಂಕಿನ ಚಿನ್ನದ ಸಾಲವಾಗಿದ್ದು ವರ್ಷಕ್ಕೆ ಶೇ. 10 ಬಡ್ಡಿಯಾದರೆ ತಿಂಗಳಿಗೆ 420ರ ಹತ್ತಿರ. ಕೈಯಲ್ಲಿ ಒಂದು ಜೊತೆ ಓಲೆ ಇದ್ದೂ ಮಾನಕ್ಕೆ ಅಂಜಿ ಕೈಸಾಲ ಮಾಡುವವರನ್ನು ಕಂಡಾಗ ಸಂಕಟವಾಗುತ್ತದೆ. ಒಡವೆ ಬ್ಯಾಂಕಿನಲ್ಲಿಟ್ಟರೆ ಯಾರಿಗೂ ಕಾಣುವುದಿಲ್ಲ, ಬಡ್ಡಿಯವನು ಬಾಗಿಲಿಗೆ ಬಂದರೆ ಬೀದಿಗೇ ಕಾಣುತ್ತದೆ.

ಫೈನಾನ್ಸಿನವರು "ಬರೀ 12 ಪರ್ಸೆಂಟ್" ಎಂದರೆ ಫ್ಲ್ಯಾಟೋ, ಅಂದರೆ ಕೊನೆಯ ತನಕ ಪೂರ್ತಿ ಅಸಲಿನ ಮೇಲೋ, ಇಲ್ಲ ಉಳಿದ ಅಸಲಿನ ಮೇಲೋ ಎಂದು ಕೇಳಿ. ಎರಡು ವರ್ಷದ ಸಾಲಕ್ಕೆ ಫ್ಲ್ಯಾಟ್ 12 ಎಂದರೆ ನಿಜವಾದ ಬಡ್ಡಿ 21, 22ರ ಹತ್ತಿರ. ಸಂಘದ ಸಾಲಕ್ಕೆ, ಅಂದರೆ ಮೈಕ್ರೋಫೈನಾನ್ಸಿಗೆ, ಮನೆಯ ಎಲ್ಲ ಕಂತುಗಳೂ ಸೇರಿ ಆದಾಯದ ಅರ್ಧ ಮೀರಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮ ಇದೆ. 15 ಸಾವಿರದಲ್ಲಿ ಅರ್ಧ ಕಂತಿಗೆ ಹೋದರೆ ಊಟ ಹೇಗೆ? ನನ್ನ ಲೆಕ್ಕದಲ್ಲಿ 1,500 ದಾಟಬಾರದು. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದಲ್ಲಿ ಸಾಲ ತೆಗೆದ ದಿನವೇ ನಿಂತು ಲೆಕ್ಕ ಹಾಕಿ. ನೋಂದಣಿಯಿಲ್ಲದ ಲೇವಾದೇವಿಯವರು ಮನೆಗೆ ಬಂದು ಬೆದರಿಸಿದರೆ 2025ರಲ್ಲಿ ರಾಜ್ಯ ತಂದ ಕಾನೂನಿನಡಿ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಚೀಟಿ ಹಾಕುವುದಾದರೆ ನೋಂದಣಿಯಾದ ಕಡೆಯೇ ಹಾಕಿ. ಎಂಎಸ್‌ಐಎಲ್‌ನ ಚೀಟಿ ಸರ್ಕಾರದ್ದು.

ಕೊನೆಗೆ: ತಿಂಗಳ ಲೆಕ್ಕ ಕೂಡದಿದ್ದರೆ

ಇಷ್ಟೆಲ್ಲ ಮಾಡಿದರೂ ಕೆಲವು ತಿಂಗಳು ಲೆಕ್ಕ ಕೂಡುವುದಿಲ್ಲ. ಆಗ ಬಿಡುವುದಕ್ಕೂ ಒಂದು ಕ್ರಮ ಇರಲಿ. ಮೊದಲು ಡೇಟಾ ಪ್ಯಾಕು, ಆಮೇಲೆ ಹಬ್ಬದ ಹೊಸ ಬಟ್ಟೆ, ಆಮೇಲೆ ಆ ತಿಂಗಳ ಆರ್‌ಡಿ ಕಂತು. ಕಂತು ತಡವಾದರೆ ಸಣ್ಣ ದಂಡ ಬೀಳುತ್ತದೆ, ಅಷ್ಟೇ. ಬಿಡಬಾರದ್ದು ಮಕ್ಕಳ ಹಾಲು ಮೊಟ್ಟೆ, ಬಿಪಿ ಮಾತ್ರೆ, ವಿಮೆ, ಚಿನ್ನದ ಸಾಲದ ಬಡ್ಡಿ. ಬಾಡಿಗೆ ಕಟ್ಟಲು ಆಗದ ತಿಂಗಳು ಮಾಲೀಕರು ಕೇಳುವ ತನಕ ಕಾಯಬೇಡಿ. ಒಂದನೇ ತಾರೀಕು ಗಂಡ ಹೆಂಡತಿ ಇಬ್ಬರೂ ಹೋಗಿ ಅರ್ಧ ಬಾಡಿಗೆ ಕೈಗಿಟ್ಟು, ಮಿಕ್ಕದ್ದು ಯಾವ ತಾರೀಕಿಗೆ ಎಂದು ಹೇಳಿ ಬನ್ನಿ. ಶೆಟ್ಟರ ಅಂಗಡಿಗೂ ಅದೇ ದಿನ ಹೋಗಿ.